ತೋಟ ಮತ್ತು ವರ್ಕ್‌ಶಾಪಿನ ಕೈಯಂತ್ರಗಳು: ಪೆಟ್ರೋಲ್ ಚಾಲನೆ, ಬ್ಯಾಟರಿ ಚಾಲನೆ

ಹುಲ್ಲು ಕೊಚ್ಚುವ, ಮರ ಕೊಯ್ಯುವ, ಗೋಡೆ ಕೊರೆಯುವ, ಕಬ್ಬಿಣ ಉಜ್ಜುವ ಕೈಯಂತ್ರಗಳು ಮೂರು ಬಗೆಯಲ್ಲಿ ನಡೆಯುತ್ತವೆ. ಗೋಡೆಯ ಪ್ಲಗ್ಗಿನಿಂದ ತಂತಿಯ ಮೂಲಕ ಬರುವ ವಿದ್ಯುತ್ತು ಒಂದು, ಯಂತ್ರದ ಮೇಲೆಯೇ ಕೂರಿಸಿದ ಸಣ್ಣ ಪೆಟ್ರೋಲ್ ಎಂಜಿನ್ ಇನ್ನೊಂದು, ಚಾರ್ಜ್ ಮಾಡಿ ಬಳಸುವ ಬ್ಯಾಟರಿ ಮೂರನೆಯದು. ತಂತಿ ಎಳೆಯಲಾಗದ ಜಾಗದಲ್ಲಿ ಬಲವಾದ ಕೆಲಸ ಆಗಬೇಕಾದರೆ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಪೆಟ್ರೋಲ್ ಎಂಜಿನ್ ಬಿಟ್ಟು ಬೇರೆ ದಾರಿ ಇರಲಿಲ್ಲ. 2005ರ ಸುಮಾರಿಗೆ ಲಿಥಿಯಂ-ಅಯಾನ್ ಬ್ಯಾಟರಿ ದೊಡ್ಡ ಕೈಯಂತ್ರಗಳಿಗೆ ಬಂದ ಮೇಲೆ ಆ ಸ್ಥಿತಿ ಬದಲಾಯಿತು. ಕಳೆ ಕೊಚ್ಚುವ ಬ್ರಷ್ ಕಟರ್, ಚೈನ್ ಸಾ, ಎಲೆ ಊದುವ ಬ್ಲೋವರ್, ಬೇಲಿ ಕತ್ತರಿಸುವ ಟ್ರಿಮ್ಮರ್, ಲಾನ್ ಮೂವರ್, ಔಷಧಿ ಹೊಡೆಯುವ ಸ್ಪ್ರೇಯರ್, ಗುಂಡಿ ತೋಡುವ ಆಗರ್ ಮುಂತಾದವು ಈಗ ಎರಡೂ ಬಗೆಯಲ್ಲಿ ಸಿಗುತ್ತವೆ. ದೊಡ್ಡ ಗಾತ್ರದ ಯಂತ್ರಗಳನ್ನು ಬಿಟ್ಟರೆ ಬಲದಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿ ನಿಲ್ಲುತ್ತವೆ. ಒಮ್ಮೆ ತುಂಬಿಸಿದರೆ ಎಷ್ಟು ಹೊತ್ತು ನಡೆಯುತ್ತವೆ ಎಂಬಲ್ಲಿ ಬೇರೆಯಾಗುತ್ತವೆ. ತೂಕ, ಖರ್ಚು, ಯಾವ ಕೆಲಸಕ್ಕೆ ಯಾವುದು ಒಗ್ಗುತ್ತದೆ ಎಂಬ ಪ್ರಶ್ನೆಗಳೆಲ್ಲ ಬಹುಮಟ್ಟಿಗೆ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆ.

ಇತಿಹಾಸ

ಹುಲ್ಲುಹಾಸು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡಿಂಗ್ 1830ರಲ್ಲಿ ಪೇಟೆಂಟ್ ಪಡೆದ. ಅದು ಕೈಯಿಂದ ತಳ್ಳುವ ಯಂತ್ರ. ಇಪ್ಸ್‌ವಿಚ್ಚಿನ ರಾನ್ಸಮ್ಸ್ ಕಂಪನಿ 1902ರಲ್ಲಿ ಪೆಟ್ರೋಲ್ ಎಂಜಿನ್ ಕೂರಿಸಿದ ಮೂವರ್ ಮಾರಾಟಕ್ಕೆ ತಂದಿತು. ಮರ ಕೊಯ್ಯುವ ಯಂತ್ರದಲ್ಲಿ ವಿದ್ಯುತ್ತು ಮತ್ತು ಪೆಟ್ರೋಲು ಆರಂಭದಲ್ಲಿ ಜೊತೆಯಾಗಿಯೇ ಸಾಗಿದವು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮೊದಲು ತಯಾರಿಸಿದ್ದು ವಿದ್ಯುತ್ ಚೈನ್ ಸಾ. 1927ರಲ್ಲಿ ಅದೇ ದೇಶದ ಎಮಿಲ್ ಲೆರ್ಪ್ ಪೆಟ್ರೋಲಿನದನ್ನು ಮಾಡಿದ. 1929ರಲ್ಲಿ ಸ್ಟಿಲ್ ಕೂಡ ಪೆಟ್ರೋಲಿಗೆ ಬಂದ. ಕಾಡಿನಲ್ಲಿ ಪ್ಲಗ್ ಇರುವುದಿಲ್ಲವಾದ್ದರಿಂದ ಮುಂದಿನ ಎಪ್ಪತ್ತು ಎಂಬತ್ತು ವರ್ಷ ಪೆಟ್ರೋಲೇ ಗೆದ್ದಿತು. ಆಗಿನ ಗರಗಸಗಳನ್ನು ಇಬ್ಬರು ಹಿಡಿಯಬೇಕಿತ್ತು. ಒಬ್ಬನೇ ಸಲೀಸಾಗಿ ಬಳಸಬಹುದಾದ, ಗೇರಿಲ್ಲದ ಹಗುರ ಯಂತ್ರಗಳು 1950ರ ದಶಕದ ಕೊನೆಗೆ ಬಂದವು. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲಾಸ್ 1971ರಲ್ಲಿ ಕಾರು ತೊಳೆಯುವ ಯಂತ್ರದ ಕುಂಚಗಳು ತಿರುಗುವುದನ್ನು ನೋಡಿ, ನೈಲಾನ್ ದಾರ ಸುತ್ತಿಸಿ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ. ಇಂದಿನ ಬ್ರಷ್ ಕಟರ್‌ಗಳಿಗೆ ಸಿಕ್ಕಿಸುವ ದಾರದ ಸುರುಳಿಯ ಮೂಲ ಇದೇ.

ವರ್ಕ್‌ಶಾಪಿನ ಯಂತ್ರಗಳ ಚರಿತ್ರೆ ವಿದ್ಯುತ್ತಿನದೇ. ಸ್ಟಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ತಯಾರಿಸಿತು. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪಿಸ್ತೂಲಿನಂಥ ಹಿಡಿ ಮತ್ತು ಒತ್ತುಗುಂಡಿಯ ವಿನ್ಯಾಸಕ್ಕೆ ಪೇಟೆಂಟ್ ಪಡೆಯಿತು. ಇಂದಿಗೂ ಡ್ರಿಲ್ಲಿನ ಆಕಾರ ಅದೇ ಇದೆ. ಇದೇ ಕಂಪನಿ 1961ರಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ತಂತಿರಹಿತ ಡ್ರಿಲ್ಲನ್ನು ಹೊರತಂದಿತು. 1971ರಲ್ಲಿ ಅಪೋಲೋ 15ರ ಗಗನಯಾತ್ರಿಗಳು ಚಂದ್ರನ ನೆಲ ಕೊರೆದದ್ದು ಕೂಡ ಬ್ಯಾಟರಿ ಡ್ರಿಲ್ಲಿನಿಂದ. ಆದರೂ ನಿಕಲ್-ಕ್ಯಾಡ್ಮಿಯಂ ಯಂತ್ರಗಳು ಸ್ಕ್ರೂ ತಿರುಗಿಸುವುದು, ಸಣ್ಣ ತೂತು ಕೊರೆಯುವುದು ಇಂಥ ಹಗುರ ಕೆಲಸಗಳಾಚೆ ಹೆಚ್ಚು ಹೋಗಲಿಲ್ಲ. ಬ್ಯಾಟರಿಯ ತೂಕ ಹೆಚ್ಚು, ಬಳಸದೆ ಇಟ್ಟರೂ ಚಾರ್ಜ್ ಇಳಿಯುತ್ತಿತ್ತು, ಕ್ಯಾಡ್ಮಿಯಂ ವಿಷಕಾರಿ ಲೋಹ. ಯುರೋಪಿಯನ್ ಒಕ್ಕೂಟದಲ್ಲಿ ಕೈಯಂತ್ರಗಳಿಗೆ ಕ್ಯಾಡ್ಮಿಯಂ ಬ್ಯಾಟರಿ ಬಳಸಲು ಇದ್ದ ವಿನಾಯಿತಿ 2016ರ ಕೊನೆಗೆ ಮುಗಿಯಿತು.

ಲಿಥಿಯಂ-ಅಯಾನ್ ಕೋಶವನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆರಂಭದ ಕೋಶಗಳು ಕ್ಯಾಮೆರಾ, ಲ್ಯಾಪ್‌ಟಾಪ್‌ಗಳಿಗೆ ಸಾಕಾಗುವಷ್ಟು ಸಣ್ಣ ಪ್ರವಾಹ ಕೊಡುತ್ತಿದ್ದವು. ಹೆಚ್ಚು ಪ್ರವಾಹ ಕೊಡಬಲ್ಲ ಕೋಶಗಳು ತಯಾರಾದ ಮೇಲೆ 2005ರಲ್ಲಿ ಮಿಲ್ವಾಕೀ ಕಂಪನಿಯ 28 ವೋಲ್ಟಿನ ಮತ್ತು ಮಕಿಟಾದ 18 ವೋಲ್ಟಿನ ಯಂತ್ರಗಳು ಬಂದವು. ಅಲ್ಲಿಂದಾಚೆ ಪೆಟ್ರೋಲಿನ ಕ್ಷೇತ್ರಕ್ಕೆ ಬ್ಯಾಟರಿ ಕಾಲಿಟ್ಟಿತು.

ಪೆಟ್ರೋಲ್ ಎಂಜಿನ್

ಹೆಗಲ ಮೇಲಿನ ಮತ್ತು ಕೈಯ ಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿರುವುದು ಟೂ-ಸ್ಟ್ರೋಕ್ ಎಂಜಿನ್. ಬ್ರಷ್ ಕಟರ್‌ಗೆ ಸಾಮಾನ್ಯವಾಗಿ 25ರಿಂದ 50 ಸಿಸಿ, ಚೈನ್ ಸಾಗೆ 30ರಿಂದ 90 ಸಿಸಿ. ಕವಾಟಗಳಿಲ್ಲ, ಆಯಿಲ್ ಸಂಪ್ ಇಲ್ಲ. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವುದರೊಳಗೆ ಒಂದು ಸಲ ಇಂಧನ ಉರಿಯುತ್ತದೆ. ಹೀಗಾಗಿ ತೂಕಕ್ಕೆ ಹೋಲಿಸಿದರೆ ಬಲ ಹೆಚ್ಚು. ಡಯಾಫ್ರಾಮ್ ಕಾರ್ಬುರೇಟರ್ ಇರುವುದರಿಂದ ಯಂತ್ರವನ್ನು ಓರೆಯಾಗಿಯೋ ತಲೆಕೆಳಗಾಗಿಯೋ ಹಿಡಿದರೂ ನಿಲ್ಲದೆ ನಡೆಯುತ್ತದೆ. ಮರದ ಕೊಂಬೆ ಕೊಯ್ಯುವವರಿಗೆ ಈ ಗುಣ ಅತ್ಯಗತ್ಯ.

ಎಂಜಿನ್ನಿನ ಒಳಭಾಗಗಳಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ತಯಾರಕರು 50:1 ಎಂದು ಸೂಚಿಸಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ 2ಟಿ ಆಯಿಲ್, 25:1 ಎಂದಿದ್ದರೆ 40 ಮಿಲಿಲೀಟರ್ ಬೆರೆಸಬೇಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ, ಹೆಚ್ಚಾದರೆ ಸ್ಪಾರ್ಕ್ ಪ್ಲಗ್ ಕಪ್ಪುಗಟ್ಟಿ ಹೊಗೆ ಏಳುತ್ತದೆ. ಟೂ-ಸ್ಟ್ರೋಕಿನ ದೊಡ್ಡ ದೋಷ ಬೇರೆಯೇ ಇದೆ. ಸುಟ್ಟ ಅನಿಲವನ್ನು ಹೊಸ ಮಿಶ್ರಣವೇ ಹೊರದಬ್ಬಬೇಕಾದ್ದರಿಂದ, ಹಳೆಯ ವಿನ್ಯಾಸಗಳಲ್ಲಿ ಇಂಧನದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉರಿಯದೆಯೇ ಸೈಲೆನ್ಸರಿನಿಂದ ಹೊರಹೋಗುತ್ತದೆ. ಗಾಳಿಯ ಪದರವನ್ನು ಮೊದಲು ಒಳಬಿಡುವ ಹೊಸ ವಿನ್ಯಾಸಗಳು ಈ ನಷ್ಟವನ್ನು ಸಾಕಷ್ಟು ತಗ್ಗಿಸಿವೆ. ಯಾವ ಕೋನದಲ್ಲೂ ನಡೆಯುವ ಹೋಂಡಾ ಜಿಎಕ್ಸ್35ರಂಥ ಪುಟ್ಟ ಫೋರ್-ಸ್ಟ್ರೋಕ್ ಎಂಜಿನ್‌ಗಳು ಇನ್ನೊಂದು ಪರಿಹಾರ. ಅವುಗಳಿಗೆ ಆಯಿಲ್ ಬೆರೆಸುವ ಕೆಲಸವಿಲ್ಲ, ಹೊಗೆಯೂ ಕಡಿಮೆ. ಅದೇ ಗಾತ್ರದ ಟೂ-ಸ್ಟ್ರೋಕಿಗಿಂತ ಬಲ ತುಸು ಕಡಿಮೆ.

ಬ್ಯಾಟರಿ ಮತ್ತು ಮೋಟಾರ್

ಬ್ಯಾಟರಿ ಪ್ಯಾಕಿನೊಳಗೆ ಇರುವುದು ಟಾರ್ಚಿನ ಸೆಲ್ಲಿನಂಥ ಸಣ್ಣ ಕೋಶಗಳ ಸಾಲು. ಬಹಳ ಬಳಕೆಯ 18650 ಎಂಬ ಕೋಶ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದಕ್ಕಿಂತ ದೊಡ್ಡದು 21700. ಒಂದೊಂದರ ಸರಾಸರಿ ವೋಲ್ಟೇಜ್ 3.6. ಐದನ್ನು ಸರಣಿಯಲ್ಲಿ ಜೋಡಿಸಿದರೆ 18 ವೋಲ್ಟ್, ಹತ್ತನ್ನು ಜೋಡಿಸಿದರೆ 36 ವೋಲ್ಟ್. ಆಗತಾನೇ ಚಾರ್ಜ್ ಆದ ಕೋಶ 4 ವೋಲ್ಟಿಗೂ ಸ್ವಲ್ಪ ಮೇಲಿರುತ್ತದೆ. ಆದ್ದರಿಂದ ಕೆಲವು ಕಂಪನಿಗಳು ಅದೇ ಐದು ಕೋಶದ ಪ್ಯಾಕಿನ ಮೇಲೆ 20 ವೋಲ್ಟ್ ಮ್ಯಾಕ್ಸ್ ಎಂದು ಅಚ್ಚು ಹಾಕುತ್ತವೆ. 18 ಮತ್ತು 20 ಎಂಬ ಅಂಕಿಗಳ ನಡುವೆ ಬಲದ ವ್ಯತ್ಯಾಸವೇನೂ ಇಲ್ಲ.

ಕೊಳ್ಳುವವರು ನೋಡಬೇಕಾದ ಅಂಕಿ ವೋಲ್ಟೇಜ್ ಒಂದೇ ಅಲ್ಲ. ವೋಲ್ಟ್ ಮತ್ತು ಆಂಪಿಯರ್-ಅವರ್ ಎರಡನ್ನೂ ಗುಣಿಸಿದರೆ ಬರುವ ವಾಟ್-ಅವರ್ ಪ್ಯಾಕಿನಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಎಂಬುದನ್ನು ತಿಳಿಸುತ್ತದೆ. 18 ವೋಲ್ಟ್, 5 ಆಂಪಿಯರ್-ಅವರ್ ಪ್ಯಾಕಿನಲ್ಲಿ 90 ವಾಟ್-ಅವರ್. 36 ವೋಲ್ಟಿನ ಅದೇ ಸಾಮರ್ಥ್ಯದ ಪ್ಯಾಕಿನಲ್ಲಿ 180. ಪ್ಯಾಕಿನೊಳಗಿನ ಎಲೆಕ್ಟ್ರಾನಿಕ್ ಹಲಗೆ ಕೋಶಗಳ ವೋಲ್ಟೇಜ್ ಮತ್ತು ಉಷ್ಣತೆಯ ಮೇಲೆ ಕಣ್ಣಿಟ್ಟು, ಮಿತಿ ಮೀರಿದಾಗ ಯಂತ್ರವನ್ನು ನಿಲ್ಲಿಸುತ್ತದೆ. ಬಿರುಸಿನ ಕೆಲಸದ ನಡುವೆ ಬ್ಯಾಟರಿ ಯಂತ್ರ ತಟ್ಟನೆ ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ನಡೆಯುವುದಕ್ಕೆ ಇದೇ ಕಾರಣ.

ಹಿಂದಿನ ಮೋಟಾರ್‌ಗಳಲ್ಲಿ ಕಾರ್ಬನ್ ಬ್ರಷ್‌ಗಳು ತಿರುಗುವ ಭಾಗಕ್ಕೆ ಉಜ್ಜುತ್ತ ವಿದ್ಯುತ್ ಒಯ್ಯುತ್ತಿದ್ದವು. ಕಿಡಿ ಹಾರುತ್ತಿತ್ತು, ಬ್ರಷ್ ಸವೆದಾಗ ಬದಲಿಸಬೇಕಿತ್ತು. ಈಗಿನ ಬ್ರಷ್‌ಲೆಸ್ ಮೋಟಾರ್‌ನಲ್ಲಿ ತಿರುಗುವುದು ಅಯಸ್ಕಾಂತ, ಅದರ ಸುತ್ತಲಿನ ಸುರುಳಿಗಳಿಗೆ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಸರದಿಯಂತೆ ವಿದ್ಯುತ್ ಹರಿಸುತ್ತವೆ. ಉಜ್ಜುವಿಕೆ ಇಲ್ಲದ್ದರಿಂದ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ ಕಡಿಮೆ. ವಿದ್ಯುತ್ ಮೋಟಾರಿಗೆ ನಿಂತ ಸ್ಥಿತಿಯಿಂದಲೇ ಪೂರ್ಣ ತಿರುಗುಬಲ ಸಿಗುತ್ತದೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಕೆಲವು ಸಾವಿರ ಸುತ್ತು ಏರಿದ ಮೇಲಷ್ಟೇ ಕ್ಲಚ್ ಹಿಡಿದು ಬ್ಲೇಡ್ ತಿರುಗುತ್ತದೆ. ಕೆಲಸದ ನಡುವಿನ ಬಿಡುವಿನಲ್ಲೂ ಎಂಜಿನ್ ಐಡಲಿನಲ್ಲಿ ಓಡುತ್ತ ಪೆಟ್ರೋಲ್ ಕುಡಿಯುತ್ತದೆ. ಮೋಟಾರು ಗುಂಡಿ ಬಿಟ್ಟ ಕೂಡಲೇ ನಿಲ್ಲುತ್ತದೆ.

ಶಕ್ತಿಯ ಲೆಕ್ಕ

ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವಾಟ್-ಅವರ್ ಶಕ್ತಿ ಇರುತ್ತದೆ. ಒಂದು ಕಿಲೋಗ್ರಾಂ ಲಿಥಿಯಂ-ಅಯಾನ್ ಕೋಶದಲ್ಲಿ 0.15ರಿಂದ 0.25. ಮೇಲುನೋಟಕ್ಕೆ ಇದು ಸುಮಾರು ಐವತ್ತರಿಂದ ಎಂಬತ್ತು ಪಟ್ಟಿನ ಅಂತರ. ಆದರೆ ಸಣ್ಣ ಪೆಟ್ರೋಲ್ ಎಂಜಿನ್ ಆ ಶಕ್ತಿಯಲ್ಲಿ ಶೇ 15ರಷ್ಟನ್ನು ಮಾತ್ರ ಬ್ಲೇಡಿಗೆ ತಲುಪಿಸುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಬ್ಯಾಟರಿ ಮತ್ತು ಮೋಟಾರ್ ಸೇರಿ ಶೇ 80ರ ಆಸುಪಾಸು ತಲುಪಿಸುತ್ತವೆ.

35 ಸಿಸಿ ಬ್ರಷ್ ಕಟರಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅದರ ಟ್ಯಾಂಕಿಗೆ 600 ಮಿಲಿಲೀಟರ್ ಪೆಟ್ರೋಲ್ ಹಿಡಿಯುತ್ತದೆ ಎಂದುಕೊಂಡರೆ ತೂಕ 450 ಗ್ರಾಂ, ಶಕ್ತಿ ಸುಮಾರು 5.4 ಕಿಲೋವಾಟ್-ಅವರ್. ಶೇ 15ರ ದಕ್ಷತೆಯಲ್ಲಿ ಬ್ಲೇಡಿಗೆ ಸಿಗುವುದು 800 ವಾಟ್-ಅವರ್. 36 ವೋಲ್ಟ್, 5 ಆಂಪಿಯರ್-ಅವರ್ ಪ್ಯಾಕಿನ 180 ವಾಟ್-ಅವರಿನಲ್ಲಿ ಬ್ಲೇಡಿಗೆ ಸಿಗುವುದು 144. ಅಂದರೆ ಒಂದು ಟ್ಯಾಂಕ್ ಪೆಟ್ರೋಲಿನ ಕೆಲಸಕ್ಕೆ ಐದಾರು ಪ್ಯಾಕ್ ಬೇಕು, ಅವುಗಳ ಒಟ್ಟು ತೂಕ ಆರೇಳು ಕಿಲೋ. ಟ್ಯಾಂಕ್ ತುಂಬಿಸಲು ಎರಡು ನಿಮಿಷ ಸಾಕು. ಒಂದು ಪ್ಯಾಕ್ ಚಾರ್ಜ್ ಆಗಲು ಚಾರ್ಜರಿನ ಸಾಮರ್ಥ್ಯಕ್ಕೆ ತಕ್ಕಂತೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಐಡಲಿನಲ್ಲಿ ಮತ್ತು ಅರ್ಧ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ದಕ್ಷತೆ ಇನ್ನೂ ಇಳಿಯುವುದರಿಂದ, ನಿಂತು ನಿಂತು ಮಾಡುವ ಕೆಲಸದಲ್ಲಿ ಅಂತರ ಕಿರಿದಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ಕಳೆ ಕೊಚ್ಚುವಲ್ಲಿ ಮಾತ್ರ ಹಾಗೆಯೇ ಉಳಿಯುತ್ತದೆ.

ಬಲದ ವಿಷಯ ಬೇರೆ. ಒಳ್ಳೆಯ 21700 ಕೋಶ 30 ಆಂಪಿಯರ್ ಪ್ರವಾಹ ಕೊಡಬಲ್ಲದು. ಹತ್ತು ಕೋಶಗಳಿಂದ ಒಂದು ಕಿಲೋವಾಟ್ ಸಿಗುತ್ತದೆ. ಜಿಎಕ್ಸ್35 ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ವೇಗದಲ್ಲಿ ಎಳೆದರೆ ಪ್ಯಾಕ್ ಹತ್ತೇ ನಿಮಿಷದಲ್ಲಿ ಖಾಲಿ.

ವರ್ಕ್‌ಶಾಪಿನ ಕೆಲಸಗಳು

ನಾಲ್ಕು ಗೋಡೆಗಳ ನಡುವೆ ಪೆಟ್ರೋಲ್ ಎಂಜಿನ್ನಿಗೆ ಜಾಗವಿಲ್ಲ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಪ್ರಾಣಾಂತಕ ಮಟ್ಟ ಮುಟ್ಟಬಹುದು. ಆದ್ದರಿಂದ ವರ್ಕ್‌ಶಾಪಿನೊಳಗೆ ಬ್ಯಾಟರಿಯ ಪೈಪೋಟಿ ತಂತಿಯ ಯಂತ್ರದೊಂದಿಗೆ. ಸ್ಕ್ರೂ ತಿರುಗಿಸುವುದು, ಮರ ಮತ್ತು ತಗಡಿಗೆ ತೂತು ಕೊರೆಯುವುದು, ಟೈರ್ ಅಂಗಡಿಯಲ್ಲಿ ಇಂಪ್ಯಾಕ್ಟ್ ರೆಂಚಿನಿಂದ ನಟ್ ಬಿಚ್ಚುವುದು ಇವೆಲ್ಲ ಕೆಲವು ಸೆಕೆಂಡುಗಳ ಕೆಲಸ, ನಡುವೆ ಬಿಡುವು. ಹೀಗೆ ಬಿಟ್ಟು ಬಿಟ್ಟು ನಡೆಯುವ ಕೆಲಸಕ್ಕೆ ಬ್ಯಾಟರಿ ಸಲೀಸು. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಕೆಲಸದ ಬಡಗಿಗಳು ಏಣಿ ಹತ್ತಿ ನಿಂತಾಗ ಕಾಲಿಗೆ ತೊಡರುವ ವೈರ್ ಇಲ್ಲದಿರುವುದೇ ದೊಡ್ಡ ಅನುಕೂಲ. ಇನ್ನೂ ಕರೆಂಟ್ ಸಂಪರ್ಕ ಸಿಗದ ಹೊಸ ಕಟ್ಟಡಗಳಲ್ಲೂ ಹಾಗೆಯೇ.

ಗ್ರೈಂಡರ್, ಮಾರ್ಬಲ್ ಕಟರ್, ಕಾಂಕ್ರೀಟ್ ಒಡೆಯುವ ಬ್ರೇಕರ್ ಇವು ನಿಮಿಷಗಟ್ಟಲೆ ಪೂರ್ಣ ಬಲ ಬೇಡುತ್ತವೆ. ಬ್ಯಾಟರಿ ಗ್ರೈಂಡರ್‌ಗಳು ಇವೆ, ಆದರೆ ಗೇಟು ಗ್ರಿಲ್ಲಿನ ಅಂಗಡಿಯಲ್ಲಿ ದಿನವಿಡೀ ವೆಲ್ಡಿಂಗ್ ಉಜ್ಜುವವರಿಗೆ ತಂತಿಯ ಯಂತ್ರವೇ ಅಗ್ಗ, ಅದೇ ಬಾಳಿಕೆ. ರಸ್ತೆ, ಚರಂಡಿ, ಸೇತುವೆಯ ಕಾಮಗಾರಿಗಳಲ್ಲಿ ಕಾಂಕ್ರೀಟ್ ಕೊಯ್ಯುವ ದೊಡ್ಡ ಡಿಸ್ಕ್ ಕಟರ್ ಇಂದಿಗೂ ಹೆಚ್ಚಾಗಿ 60 ಸಿಸಿ ದಾಟಿದ ಪೆಟ್ರೋಲ್ ಯಂತ್ರ.

ತೋಟದ ಕೆಲಸಗಳು

ಮನೆಯಂಗಳದ ಹುಲ್ಲುಹಾಸು, ಬೇಲಿಗಿಡ, ಸಣ್ಣ ಕೊಂಬೆ ಇವುಗಳಿಗೆ ಬ್ಯಾಟರಿ ಯಂತ್ರ ಸಾಕು. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಗೋಜಿಲ್ಲ, ತಿಂಗಳುಗಟ್ಟಲೆ ಬಳಸದಿದ್ದರೂ ಕಾರ್ಬುರೇಟರ್ ಕಟ್ಟಿಕೊಳ್ಳುವ ಚಿಂತೆಯಿಲ್ಲ. ಹಸ್ಕ್‌ವರ್ನಾ ಕಂಪನಿ 1995ರಲ್ಲಿ ಹೊರತಂದ ಬಗೆಯ, ತಾನಾಗಿ ಓಡಾಡಿ ಹುಲ್ಲು ಕತ್ತರಿಸುವ ರೋಬಾಟ್ ಮೂವರ್‌ಗಳು ಬ್ಯಾಟರಿಯಿಂದ ಮಾತ್ರ ಸಾಧ್ಯ. ಗಿಡ ಸವರುವ ಬ್ಯಾಟರಿ ಕತ್ತರಿಗೆ ಪೆಟ್ರೋಲಿನ ಪರ್ಯಾಯವೇ ಇಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1980ರ ದಶಕದಲ್ಲಿ ರೂಪುಗೊಂಡ ಈ ಕತ್ತರಿ, ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡುವ (ಕೊಂಬೆ ಸವರುವ) ವಿಜಯಪುರದ ದ್ರಾಕ್ಷಿಯಂಥ ಬೆಳೆಗೆ ಹೇಳಿಮಾಡಿಸಿದ್ದು. ಒಂದು ಸಲ ಕತ್ತರಿಸಲು ಬೇಕಾಗುವ ಶಕ್ತಿ ತೀರ ಅಲ್ಪವಾದ್ದರಿಂದ ಸಣ್ಣ ಪ್ಯಾಕ್ ಕೂಡ ಗಂಟೆಗಟ್ಟಲೆ ಬರುತ್ತದೆ.

ಚೈನ್ ಸಾದಲ್ಲಿ ಆಯ್ಕೆ ಮರದ ದಪ್ಪವನ್ನು ಅವಲಂಬಿಸುತ್ತದೆ. 30 ಸೆಂಟಿಮೀಟರ್ ಒಳಗಿನ ಕೊಂಬೆ ಸವರಲು, ಬಿದ್ದ ಮರದ ರೆಂಬೆ ತುಂಡರಿಸಲು ಬ್ಯಾಟರಿ ಗರಗಸ ಸಾಲುತ್ತದೆ. ದೊಡ್ಡ ಮರ ಉರುಳಿಸಿ ದಿನವಿಡೀ ದಿಮ್ಮಿ ಕೊಯ್ಯುವವರು 60 ಸಿಸಿ ಮೀರಿದ ಪೆಟ್ರೋಲ್ ಯಂತ್ರವನ್ನು ಬಿಟ್ಟಿಲ್ಲ.

ಕರ್ನಾಟಕದ ಹೊಲ ತೋಟಗಳಲ್ಲಿ ಬ್ಯಾಟರಿ ಹೆಚ್ಚು ಹರಡಿರುವುದು ಬೆನ್ನಿಗೆ ಹೊರುವ ಸ್ಪ್ರೇಯರಿನ ರೂಪದಲ್ಲಿ. 16 ಲೀಟರಿನ ಕ್ಯಾನು, 12 ವೋಲ್ಟ್ 8 ಆಂಪಿಯರ್-ಅವರಿನ ಸೀಸ-ಆಮ್ಲ ಬ್ಯಾಟರಿ, ಸಣ್ಣ ಪಂಪು ಇರುವ ಈ ಯಂತ್ರ, ಸನ್ನೆ ಎಳೆದು ಹೊಡೆಯುವ ಕೈ ಪಂಪಿನ ಸ್ಥಾನವನ್ನು ಬಹುಮಟ್ಟಿಗೆ ಪಡೆದಿದೆ. ತರಕಾರಿ, ಹತ್ತಿ, ತೊಗರಿಯ ಎತ್ತರಕ್ಕೆ ಅದರ ಒತ್ತಡ ಸಾಕು. ಅಡಿಕೆಗೆ ಸಾಲದು. ಮಲೆನಾಡು, ಕರಾವಳಿಯಲ್ಲಿ ಕೊಳೆರೋಗ ತಡೆಯಲು ಶೇ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ್ದನ್ನು, ಹತ್ತು ಹದಿನೈದು ಮೀಟರ್ ಎತ್ತರದ ಗೊನೆಗೆ ತಲುಪಿಸಬೇಕು. ಅದಕ್ಕೆ ಎಂಜಿನ್ ಪಂಪು ಮತ್ತು ಉದ್ದದ ಪೈಪು ಬೇಕು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಅಡಿಕೆ ಮರ ಏರುವ ಬೈಕ್ ಕೂಡ ಪೆಟ್ರೋಲ್ ಎಂಜಿನ್ನಿನದೇ.

ಮಳೆಗಾಲವೇ ಬ್ಯಾಟರಿಗೆ ಕಷ್ಟದ ಕಾಲ. ಮಲೆನಾಡಿನಲ್ಲಿ ಕಳೆ ಹೆಚ್ಚುವುದು, ಔಷಧಿ ಹೊಡೆಯಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದು ದಿನಗಟ್ಟಲೆ ಕರೆಂಟ್ ಹೋಗುವುದೂ ಆಗಲೇ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಇಳಿಜಾರಿನ ಎಕರೆಗಟ್ಟಲೆ ಜಾಗವನ್ನು ಕೂಲಿಯವರು ಸಾಲುಹಿಡಿದು ಕೊಚ್ಚುವಾಗ ಪ್ಯಾಕ್ ಬದಲಿಸಲು ಮನೆವರೆಗೆ ನಡೆಯುವುದು ಆಗದ ಮಾತು. ಒಂದು ಕ್ಯಾನ್ ಪೆಟ್ರೋಲ್ ತೋಟದ ಬದುವಿನಲ್ಲಿಟ್ಟರೆ ದಿನದ ಕೆಲಸ ಮುಗಿಯುತ್ತದೆ.

ಖರ್ಚು

ವಿದ್ಯುತ್ ಅಗ್ಗ, ಆದ್ದರಿಂದ ಬ್ಯಾಟರಿ ಯಂತ್ರವೂ ಅಗ್ಗ ಎಂಬ ತೀರ್ಮಾನ ಅರ್ಧ ಮಾತ್ರ ನಿಜ. ಉದಾಹರಣೆಗೆ ಪೆಟ್ರೋಲ್ ಲೀಟರಿಗೆ ₹100, ಅದಕ್ಕೆ ಬೆರೆಸುವ ಆಯಿಲಿಗೆ ₹10, ವಿದ್ಯುತ್ ಯೂನಿಟ್ಟಿಗೆ (ಒಂದು ಕಿಲೋವಾಟ್-ಅವರಿಗೆ) ₹7, 180 ವಾಟ್-ಅವರಿನ ಪ್ಯಾಕಿಗೆ ₹12,000 ಎಂದು ಹಿಡಿಯಬಹುದು. ಒಂದು ಲೀಟರ್ ಪೆಟ್ರೋಲಿನಿಂದ ಬ್ಲೇಡಿಗೆ ಸಿಗುವುದು ಸುಮಾರು 1.35 ಯೂನಿಟ್, ಯೂನಿಟ್ಟಿಗೆ ₹81 ಬಿತ್ತು. ಪ್ಯಾಕ್ 800 ಸಲ ಚಾರ್ಜ್ ಆಗಿ, ಸವೆತ ಕಳೆದು ಒಟ್ಟು 130 ಯೂನಿಟ್ ಕೊಟ್ಟಿತೆಂದರೆ ಅದರ ಬೆಲೆಯೇ ಯೂನಿಟ್ಟಿಗೆ ₹92. ಚಾರ್ಜರಿನ ನಷ್ಟ ಸೇರಿಸಿ ವಿದ್ಯುತ್ತಿಗೆ ₹8, ಮೋಟಾರಿನ ನಷ್ಟವನ್ನೂ ಹಿಡಿದರೆ ಬ್ಲೇಡಿನಲ್ಲಿ ಯೂನಿಟ್ಟಿಗೆ ₹125. ಐಡಲ್ ಮತ್ತು ಅರ್ಧ ಥ್ರಾಟಲ್‌ನಿಂದಾಗಿ ಪೆಟ್ರೋಲ್ ಯಂತ್ರದ ದಕ್ಷತೆ ಶೇ 10ಕ್ಕೆ ಇಳಿದರೆ ಎರಡೂ ಸಮ. ಇಲ್ಲಿ ದೊಡ್ಡ ಬಾಬತ್ತು ಕರೆಂಟ್ ಬಿಲ್ ಅಲ್ಲ, ಪ್ಯಾಕಿನ ಸವೆತ.

ಪ್ಯಾಕ್ ಬಳಸಿದರೂ ಸವೆಯುತ್ತದೆ, ಬಳಸದೆ ಇಟ್ಟರೂ ವಯಸ್ಸಾಗುತ್ತದೆ. ಐದಾರು ವರ್ಷದಲ್ಲಿ 200 ಸಲವಷ್ಟೇ ಚಾರ್ಜ್ ಮಾಡಿದವರಿಗೆ ಯೂನಿಟ್ ಲೆಕ್ಕದಲ್ಲಿ ಅದು ತುಂಬ ದುಬಾರಿ. ಆದರೆ ಅವರ ಒಟ್ಟು ಬಳಕೆಯೇ ಕಡಿಮೆ ಇರುವುದರಿಂದ ರಿಪೇರಿ, ಪ್ಲಗ್, ಏರ್ ಫಿಲ್ಟರ್, ಕಾರ್ಬುರೇಟರ್ ಕ್ಲೀನಿಂಗಿನ ತಾಪತ್ರಯ ತಪ್ಪುವುದು ಆ ಹೆಚ್ಚುವರಿಯನ್ನು ತುಂಬಿಕೊಡುತ್ತದೆ. ಒಂದೇ ಪ್ಯಾಕನ್ನು ಡ್ರಿಲ್, ಗ್ರೈಂಡರ್, ಬ್ಲೋವರ್ ಮೂರಕ್ಕೂ ಬಳಸುವವರಿಗೆ ಲಾಭ ಇನ್ನೂ ಹೆಚ್ಚು. ಒಂದು ಕಂಪನಿಯ ಪ್ಯಾಕ್ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಇದಕ್ಕೆ ಪರಿಹಾರವಾಗಿ ಮೆಟಾಬೊ 2018ರಲ್ಲಿ, ಬಾಷ್ ಮತ್ತು ಗಾರ್ಡೆನಾ 2020ರಲ್ಲಿ ಹಲವು ಕಂಪನಿಗಳ ನಡುವೆ ಒಂದೇ ಪ್ಯಾಕ್ ಹಂಚಿಕೊಳ್ಳುವ ಕೂಟಗಳನ್ನು ಕಟ್ಟಿವೆ. ವರ್ಷಕ್ಕೆ ಕೆಲವೇ ದಿನ ಬೇಕಾಗುವ ಯಂತ್ರವನ್ನು ಕೊಳ್ಳುವ ಬದಲು ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಂದ ತರುವುದು ಸಣ್ಣ ಹಿಡುವಳಿದಾರರಿಗೆ ಮತ್ತೊಂದು ದಾರಿ.

ಶಬ್ದ, ನಡುಕ, ಹೊಗೆ

ಪೆಟ್ರೋಲ್ ಚೈನ್ ಸಾ ಹಿಡಿದವರ ಕಿವಿಯ ಬಳಿ ಶಬ್ದ 100 ಡೆಸಿಬೆಲ್ ದಾಟುತ್ತದೆ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಒಂದು ಮಾನದಂಡದಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಕಾಲು ಗಂಟೆ. ಭಾರತದಲ್ಲಿ ಕಾರ್ಖಾನೆಗಳಿಗೆ ಇರುವ ಮಿತಿ ಎಂಟು ಗಂಟೆಗೆ 90 ಡೆಸಿಬೆಲ್. ಬ್ಯಾಟರಿ ಯಂತ್ರದಲ್ಲಿ ಎಂಜಿನ್ನಿನ ಸದ್ದು ಇಲ್ಲದಿದ್ದರೂ ಸರಪಳಿ ಮತ್ತು ಬ್ಲೇಡಿನ ಸದ್ದು ಇದ್ದೇ ಇರುತ್ತದೆ. ಹಾಗಾಗಿ ಕಿವಿಗವಸು ಎರಡಕ್ಕೂ ಬೇಕು. ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದವರ ಬೆರಳುಗಳ ರಕ್ತನಾಳ, ನರಗಳು ಕೆಟ್ಟು ಬೆರಳು ಬಿಳಿಚಿ ಜೋಮು ಹಿಡಿಯುವ ಕಾಯಿಲೆ ಬರುತ್ತದೆ. ಬ್ಯಾಟರಿ ಯಂತ್ರದಲ್ಲಿ ನಡುಕ ಸಾಮಾನ್ಯವಾಗಿ ಕಡಿಮೆ.

ಹೊಗೆಯ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿಯ ಅಂದಾಜಿನಂತೆ, ವೃತ್ತಿಪರರು ಬಳಸುವ ಪೆಟ್ರೋಲ್ ಲೀಫ್ ಬ್ಲೋವರ್ ಒಂದು ಗಂಟೆಯಲ್ಲಿ ಹೊರಬಿಡುವ, ಹೊಂಜು ಉಂಟುಮಾಡುವ ಮಾಲಿನ್ಯವು ಹೊಸ ಕಾರೊಂದು ಸುಮಾರು 1,100 ಮೈಲಿ ಓಡಿದಾಗ ಬರುವಷ್ಟು. ಇಂಗಾಲದ ಲೆಕ್ಕದಲ್ಲಿ ಅಂತರ ಅಷ್ಟಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಬ್ಲೇಡಿನ ಯೂನಿಟ್ಟಿಗೆ 1.7 ಕಿಲೋ. ಕಲ್ಲಿದ್ದಲೇ ಪ್ರಧಾನವಾಗಿರುವ ಭಾರತದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ, ನಷ್ಟ ಸೇರಿಸಿದರೆ ಒಂದು ಕಿಲೋ. ಮನೆಯ ಸೋಲಾರಿನಿಂದ ಚಾರ್ಜ್ ಮಾಡಿದರೆ ಇದು ಬಹಳಷ್ಟು ಇಳಿಯುತ್ತದೆ.

ಕಾನೂನು ಮತ್ತು ಇಂಧನ ನೀತಿ

ಕ್ಯಾಲಿಫೋರ್ನಿಯ 2021ರಲ್ಲಿ ಕಾನೂನು ಮಾಡಿ, 2024ರ ಮಾದರಿ ವರ್ಷದಿಂದ ಹೊಸದಾಗಿ ತಯಾರಾಗುವ ಬಹುತೇಕ ಸಣ್ಣ ಎಂಜಿನ್ ಯಂತ್ರಗಳು ಹೊಗೆರಹಿತವಾಗಿರಬೇಕೆಂದು ವಿಧಿಸಿತು. 45 ಸಿಸಿ ಮತ್ತು ಮೇಲಿನ ಚೈನ್ ಸಾಗಳು ಒಕ್ಕೂಟ ಸರ್ಕಾರದ ವ್ಯಾಪ್ತಿಗೆ ಬರುವುದರಿಂದ ಅವುಗಳಿಗೆ ಇದು ಅನ್ವಯಿಸದು. ವಾಷಿಂಗ್ಟನ್ ನಗರದಲ್ಲಿ 2022ರಿಂದ ಪೆಟ್ರೋಲ್ ಲೀಫ್ ಬ್ಲೋವರ್ ನಿಷಿದ್ಧ. ಹೋಂಡಾ 2023ರಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಲಾನ್ ಮೂವರ್ ತಯಾರಿಕೆ ನಿಲ್ಲಿಸಿತು.

ಭಾರತದಲ್ಲಿ ಪೆಟ್ರೋಲ್ ಯಂತ್ರಗಳ ಮೇಲೆ ಪರೋಕ್ಷವಾಗಿ ಪರಿಣಾಮ ಬೀರುತ್ತಿರುವುದು ಎಥನಾಲ್. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಚಾಲನೆ ಸಿಕ್ಕಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಹಳೆಯ ಎಂಜಿನ್‌ಗಳ ರಬ್ಬರ್ ಪೈಪು, ಕಾರ್ಬುರೇಟರಿನ ಡಯಾಫ್ರಾಮ್ ಗಡಸಾಗಿ ಬಿರಿಯುತ್ತವೆ. ಯಂತ್ರವನ್ನು ತಿಂಗಳಿಗೂ ಹೆಚ್ಚು ಕಾಲ ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿ ನಿಲ್ಲಿಸುವುದು ಈಗ ಹಿಂದಿಗಿಂತ ಮುಖ್ಯ.

ಬಳಕೆ ಮತ್ತು ಸುರಕ್ಷತೆ

ಪೆಟ್ರೋಲ್ ಯಂತ್ರಕ್ಕೆ ಇಂಧನ ತುಂಬಿಸುವುದು ಎಂಜಿನ್ ತಣ್ಣಗಾದ ಮೇಲೆ; ಬಿಸಿ ಸೈಲೆನ್ಸರ್ ಮೇಲೆ ಬಿದ್ದ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿಗೆ ಬಿಸಿಲು ಮತ್ತು ಪೆಟ್ಟು ಶತ್ರುಗಳು. ಬಹುತೇಕ ಪ್ಯಾಕ್‌ಗಳನ್ನು 0ಯಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೋ ತಗಡಿನ ಶೆಡ್ಡಿನಲ್ಲೋ ಇಟ್ಟ ಪ್ಯಾಕ್ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಬಿಸಿ ಪ್ಯಾಕನ್ನು ನೆರಳಿನಲ್ಲಿ ಆರಲು ಬಿಟ್ಟು ಚಾರ್ಜಿಗೆ ಹಾಕಬೇಕು. ಬಹುದಿನ ಇಡುವುದಾದರೆ ಅರ್ಧ ಚಾರ್ಜಿನಲ್ಲಿಡುವುದು ಒಳ್ಳೆಯದು. ಉಬ್ಬಿದ, ಬಿರುಕುಬಿಟ್ಟ, ನೀರು ಹೊಕ್ಕ ಪ್ಯಾಕ್ ಬಳಸಬಾರದು. ಒಳಗಿನ ಒಂದು ಕೋಶ ಕಾದು ಹೊತ್ತಿಕೊಂಡರೆ ಪಕ್ಕದವೂ ಒಂದರ ಹಿಂದೊಂದು ಹೊತ್ತಿಕೊಳ್ಳುತ್ತವೆ. ವಿಮಾನದಲ್ಲಿ 100 ವಾಟ್-ಅವರ್ ಒಳಗಿನ ಪ್ಯಾಕನ್ನು ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು.

ಸತ್ತ ಪ್ಯಾಕ್ ಕಸದ ಬುಟ್ಟಿಗೆ ಸೇರಬಾರದು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಎರಡೂ ಬಗೆಯ ಯಂತ್ರಗಳಲ್ಲಿ ಬ್ಲೇಡ್ ಬದಲಿಸುವ, ಸಿಕ್ಕಿಕೊಂಡ ಹುಲ್ಲು ಬಿಡಿಸುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಲೆ ಬಿಚ್ಚುವುದು ಇಲ್ಲವೆ ಪ್ಯಾಕ್ ಕಳಚುವುದು ಕಡ್ಡಾಯ. ಸದ್ದಿಲ್ಲದೆ ನಿಂತಿರುವ ಬ್ಯಾಟರಿ ಯಂತ್ರ ಗುಂಡಿ ತಾಗಿದರೆ ಒಡನೆಯೇ ಪೂರ್ಣ ಬಲದಲ್ಲಿ ತಿರುಗುತ್ತದೆ.

ಆಯ್ಕೆ

ಯಾವುದನ್ನು ಕೊಳ್ಳಬೇಕೆಂಬುದನ್ನು ಮೂರು ಅಂಶಗಳು ನಿರ್ಧರಿಸುತ್ತವೆ: ಬಿಡುವಿಲ್ಲದೆ ಎಷ್ಟು ಹೊತ್ತು ಕೆಲಸ, ಪ್ಲಗ್ ಎಷ್ಟು ದೂರ, ಪ್ಯಾಕನ್ನು ಇನ್ನೆಷ್ಟು ಯಂತ್ರಗಳು ಹಂಚಿಕೊಳ್ಳುತ್ತವೆ. ದಿನದ ಕೆಲಸ ಎರಡು ಪ್ಯಾಕಿನೊಳಗೆ ಮುಗಿಯುವ ಮನೆ, ಕೈತೋಟ, ನರ್ಸರಿ, ಬಡಗಿ ಮತ್ತು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಬ್ಯಾಟರಿ ಸರಿ. ಒಂದೇ ಜಾಗದಲ್ಲಿ ದಿನವಿಡೀ ನಡೆಯುವ ವರ್ಕ್‌ಶಾಪಿಗೆ ತಂತಿಯ ಯಂತ್ರ ಸರಿ. ಎಕರೆಗಟ್ಟಲೆ ಕಳೆ, ಎತ್ತರದ ಅಡಿಕೆ, ದೊಡ್ಡ ಮರ, ಕರೆಂಟ್ ನೆಚ್ಚಲಾಗದ ಮಳೆಗಾಲ ಇವುಗಳಿಗೆ ಸದ್ಯಕ್ಕೆ ಪೆಟ್ರೋಲ್ ಎಂಜಿನ್ನೇ ಗತಿ.